ಪರದೆ ಬದಲಾದೊಡನೆ ತಾನಾಗಿ ಕ್ಲಿಕ್ ಆಗುವಂತೆ ಮಾಡುವುದು ಹೇಗೆ?

ಕಡತವೊಂದು ಸಿದ್ಧವಾಗುವವರೆಗೆ ಕಾದು, ‘ಮುಂದೆ’ ಎಂಬ ಗುಂಡಿಗೆ ಬಣ್ಣ ಬಂದ ಕೂಡಲೇ ಅದನ್ನು ಒತ್ತಿ, ಮತ್ತೆ ಕಾಯುತ್ತ ಕೂರುವ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸಬಹುದು. ವಿಂಡೋಸ್ ಬಳಸುವವರಿಗೆ ಆಟೋಹಾಟ್‌ಕೀ ಎಂಬ ಉಚಿತ ತಂತ್ರಾಂಶ ಸಾಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಪೈಆಟೋಗುಯಿ ಎಂಬ ಲೈಬ್ರರಿ (ಸಿದ್ಧ ಆದೇಶಗಳ ಸಂಗ್ರಹ) ಇದೆ. ಎರಡರಲ್ಲೂ ಕ್ಲಿಕ್ ಮಾಡಿಸಲು ಒಂದು ಸಾಲಿನ ಆದೇಶ ಸಾಕಾಗುತ್ತದೆ. ಯಾವಾಗ ಕ್ಲಿಕ್ ಮಾಡಬೇಕೆಂಬುದನ್ನು ತಪ್ಪಿಲ್ಲದೆ ಗುರುತಿಸುವಂತೆ ಮಾಡುವುದೇ ಇಲ್ಲಿನ ನಿಜವಾದ ಕೆಲಸ.

ಮೊದಲು, ಬದಲಾವಣೆಯನ್ನು ಖಚಿತವಾಗಿ ಸೂಚಿಸುವ ಒಂದು ಬಿಂದುವನ್ನು ಆರಿಸಿಕೊಳ್ಳಬೇಕು. ಆಟೋಹಾಟ್‌ಕೀ ಜೊತೆಗೇ ಬರುವ ವಿಂಡೋ ಸ್ಪೈ ಎಂಬ ಸಲಕರಣೆ, ಮೌಸ್ ಪರದೆಯಲ್ಲಿ ಎಲ್ಲಿದೆ ಎಂದು ಸೂಚಿಸುವ ಅಂಕಿಗಳನ್ನೂ ಅಲ್ಲಿನ ಬಣ್ಣದ ಸಂಖ್ಯೆಯನ್ನೂ ತೋರಿಸುತ್ತದೆ. ಅಕ್ಷರಗಳ ಅಂಚಿನಲ್ಲಿ ಬಣ್ಣಗಳು ಬೆರೆತಿರುವುದರಿಂದ, ಬಿಂದುವನ್ನು ಗುಂಡಿಯ ಖಾಲಿ ಭಾಗದಲ್ಲಿಯೇ ಇಡಬೇಕು. ಮೌಸ್ ಮೇಲೆ ಬಂದಾಗ ಹಲವು ಗುಂಡಿಗಳ ಬಣ್ಣ ಬದಲಾಗುತ್ತದೆ. ಆದ್ದರಿಂದ ಮೌಸ್ ದೂರವಿರುವಾಗ ಪರದೆಯ ಚಿತ್ರ ತೆಗೆದು, ಬಣ್ಣದ ಸಂಖ್ಯೆಯನ್ನು ಆ ಚಿತ್ರದ ಮೇಲೆ ಓದಿಕೊಳ್ಳಬೇಕು. ಪ್ರತಿ ಕ್ಲಿಕ್ಕಿನ ನಂತರವೂ ಮೌಸ್ ಅನ್ನು ದೂರ ಸರಿಸಿಡುವುದು ಅಗತ್ಯ.

ಗುಂಡಿ ಒಂದೇ ಕಡೆ ನಿಲ್ಲದಿದ್ದರೆ ಅದರ ಚಿಕ್ಕ ಚಿತ್ರವನ್ನು ಕತ್ತರಿಸಿಟ್ಟು, ಪರದೆಯಲ್ಲಿ ಹುಡುಕಿಸಬಹುದು. ಚಿತ್ರವನ್ನು ಪಿಎನ್‌ಜಿ ರೂಪದಲ್ಲಿಯೇ ಉಳಿಸಬೇಕು, ಏಕೆಂದರೆ ಜೆಪೆಗ್ ಸಂಕುಚನದಲ್ಲಿ ಬಣ್ಣಗಳು ಅಲ್ಪಸ್ವಲ್ಪ ಬದಲಾಗುತ್ತವೆ. ಡಿಸ್‌ಪ್ಲೇ ಸ್ಕೇಲಿಂಗ್ (ಪರದೆಯ ಮೇಲಿನವನ್ನು ಹಿಗ್ಗಿಸಿ ತೋರಿಸುವ ಪ್ರಮಾಣ) ಶೇ 100ರಿಂದ 125ಕ್ಕೆ ಬದಲಾದರೆ ಹಳೆಯ ಚಿತ್ರವೂ ಹಳೆಯ ಸ್ಥಾನದ ಅಂಕಿಗಳೂ ಕೆಲಸಕ್ಕೆ ಬಾರವು.

ನಂತರ ಲೂಪ್, ಅಂದರೆ ಮತ್ತೆ ಮತ್ತೆ ನಡೆಯುವ ಆದೇಶಗಳ ಸರಣಿ, ಬರೆಯಬೇಕು. 200 ಮಿಲಿಸೆಕೆಂಡಿಗೊಮ್ಮೆ ಬಣ್ಣ ನೋಡಿ, ಹೊಂದಿದರೆ ಕ್ಲಿಕ್ ಮಾಡಿ, ಆ ಬಣ್ಣ ಮರೆಯಾಗುವವರೆಗೆ ಮತ್ತೆ ಒತ್ತದೆ ಕಾಯುವಂತಿರಲಿ. ಈ ಕೊನೆಯ ಕಾಯುವಿಕೆಯನ್ನು ಬಿಟ್ಟರೆ, ಪುಟ ಬದಲಾಗುವಷ್ಟರಲ್ಲಿ ಇನ್ನೆರಡು ಕ್ಲಿಕ್‌ಗಳು ಬಿದ್ದು, ಮುಂದಿನ ಪುಟದಲ್ಲಿ ಅದೇ ಜಾಗದಲ್ಲಿರುವ ‘ಅಳಿಸು’ ಗುಂಡಿಯೂ ಒತ್ತಿಹೋಗಬಹುದು. ಗೊತ್ತುಪಡಿಸಿದ ಅವಧಿಯೊಳಗೆ ಬದಲಾವಣೆ ಕಾಣದಿದ್ದರೆ ಸ್ಕ್ರಿಪ್ಟ್ (ಹೀಗೆ ಬರೆದ ಆದೇಶಗಳ ಕಡತ) ನಿಲ್ಲಬೇಕು.

ಕೈಯಿಂದ ನಿಲ್ಲಿಸುವ ದಾರಿಯನ್ನೂ ಆರಂಭದಲ್ಲೇ ಸೇರಿಸಿ. ಆಟೋಹಾಟ್‌ಕೀಯಲ್ಲಿ ಎಸ್ಕೇಪ್ ಕೀಲಿಗೆ ನಿರ್ಗಮನದ ಆದೇಶ ಕೊಡಬಹುದು. ಪೈಆಟೋಗುಯಿಯಲ್ಲಿ ಮೌಸ್ ಅನ್ನು ಪರದೆಯ ಮೇಲಿನ ಎಡ ಮೂಲೆಗೆ ಎಳೆದಿಟ್ಟರೆ, ಮುಂದಿನ ಮೌಸ್ ಅಥವಾ ಕೀಲಿ ಆದೇಶ ಬಂದಾಗ ಸ್ಕ್ರಿಪ್ಟ್ ನಿಲ್ಲುತ್ತದೆ. ಅನೇಕ ಆನ್‌ಲೈನ್ ಆಟಗಳು ಇಂಥ ಸ್ವಯಂಚಾಲನೆಯನ್ನು ನಿಷೇಧಿಸಿವೆ, ಹಾಗಾಗಿ ನಿಯಮಗಳನ್ನು ಓದಿಕೊಳ್ಳುವುದು ಒಳಿತು.

ಮೊದಲ ಪರೀಕ್ಷೆಯಲ್ಲಿ ಕ್ಲಿಕ್ ಆದೇಶದ ಬದಲು ಬೀಪ್ ಸದ್ದನ್ನಷ್ಟೇ ಇಡಿ. ಸದ್ದು ಸರಿಯಾದ ಗಳಿಗೆಯಲ್ಲಿ, ಒಮ್ಮೆ ಮಾತ್ರ ಕೇಳಿಸುವುದು ಖಾತ್ರಿಯಾದ ಮೇಲೆ ಆ ಜಾಗಕ್ಕೆ ಕ್ಲಿಕ್ ಆದೇಶವನ್ನು ತನ್ನಿ.