ಮೀನಿಗಿಂತ ಮೊದಲು ನವಸಾಗರ: ನನ್ನ ಅನುಭವ

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್. ಜಲ್ಲಿ, ಸ್ಪಾಂಜ್ ಫಿಲ್ಟರ್, ಏರ್ ಪಂಪ್ ಎಲ್ಲ ಇತ್ತು, ಮೀನು ಮಾತ್ರ ಇರಲಿಲ್ಲ. ಮೀನಿನ ಹೊಲಸಿನಿಂದ ಬರುವ ವಿಷ ಅಮೋನಿಯಾ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಮೊದಲು ಫಿಲ್ಟರಿನಲ್ಲಿ ಬೆಳೆಯಲಿ ಅಂತ ಸುಮಾರು ಒಂದೂವರೆ ತಿಂಗಳು ಹಾಗೇ ಓಡಿಸಿದೆ. ಮನೆಗೆ ಬಂದವರೆಲ್ಲ "ಬರೀ ನೀರು ಸಾಕ್ತಿದ್ದೀರಾ?" ಅಂದರು. ಮೀನಿನಂಗಡಿಯವರಂತೂ "ನಾಲ್ಕು ಗೋಲ್ಡ್ ಫಿಶ್ ಬಿಡಿ ಸಾರ್, ನೀರು ತಾನೇ ಸೆಟ್ ಆಗುತ್ತೆ" ಅಂತ ಪಟ್ಟು ಹಿಡಿದರು. ಈಗ ಆ ಟ್ಯಾಂಕಿನ ತುಂಬ ಗಪ್ಪಿ, ಮೋಲಿ. ಎರಡು ವರ್ಷ ದಾಟಿತು, ಒಮ್ಮೆಯೂ ಪೂರ್ತಿ ಖಾಲಿ ಮಾಡಿ ತೊಳೆದಿಲ್ಲ. ಜಾಸ್ತಿಯಾದ ಮರಿಗಳನ್ನು ಅದೇ ಅಂಗಡಿಗೆ ಕೊಡುತ್ತೇನೆ.

ಹೊಸಬರ ಟ್ಯಾಂಕಿನ ಕತೆ ನಿಮಗೆ ಗೊತ್ತೇ ಇದೆ. ಶನಿವಾರ ಟ್ಯಾಂಕ್ ಬರುತ್ತದೆ, ಭಾನುವಾರ ಮೀನು. ವಾರದೊಳಗೆ ನೀರು ಬೆಳ್ಳಗಾಗಿ, ಮೀನು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿರುತ್ತದೆ. ಗಾಬರಿಯಾಗಿ ಎಲ್ಲ ಚೆಲ್ಲಿ, ಸ್ಪಾಂಜನ್ನು ನಲ್ಲಿ ಕೆಳಗೆ ಹಿಂಡಿ ಹಿಂಡಿ ತೊಳೆಯುತ್ತಾರೆ. ಆಗಷ್ಟೇ ಹುಟ್ಟಿಕೊಂಡಿದ್ದ ಬ್ಯಾಕ್ಟೀರಿಯಾ ಕಾವೇರಿ ನೀರಿನ ಕ್ಲೋರಿನ್‌ಗೆ ಸಾಯುತ್ತದೆ. ಮತ್ತೆ ಮೊದಲಿಂದ ಶುರು. ಇದರ ಮೇಲೆ ನೀಲಿ ಔಷಧಿ ಬೇರೆ. ಮೆಥಿಲೀನ್ ಬ್ಲೂ ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಹೊಡೆಯುತ್ತದೆ, ಅದನ್ನು ಟ್ಯಾಂಕಿಗೇ ಸುರಿಯುವುದು ಯಾಕೆ? ಬಕೆಟ್‌ನಲ್ಲಿ ಹಾಕಿ ಮೀನಿಗೆ ಚಿಕಿತ್ಸೆ ಕೊಟ್ಟರೆ ಸಾಕು.

ಬ್ಯಾಕ್ಟೀರಿಯಾಗೆ ಊಟ, ಅಂದರೆ ಅಮೋನಿಯಾ, ಹಾಕುವುದರಲ್ಲೇ ನನ್ನ ಹೆಚ್ಚಿನ ಸಮಯ ಹೋಯಿತು. ಮೊದಲು ಒಂದು ಸೀಗಡಿ ತುಂಡು ಹಾಕಿದೆ. ನಾಲ್ಕನೇ ದಿನಕ್ಕೆ ತುಂಡಿನ ಸುತ್ತ ಹತ್ತಿಯಂಥ ಬೂಸ್ಟು, ಹಾಲ್‌ನಲ್ಲಿ ಕೂರಲಾಗದ ವಾಸನೆ. ಎಷ್ಟು ಅಮೋನಿಯಾ ಬಿಡುತ್ತಿದೆ ಅನ್ನುವ ಲೆಕ್ಕವೂ ಸಿಗಲಿಲ್ಲ. ಆಮೇಲೆ ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ತಂದೆ, ಆರುನೂರು ರೂಪಾಯಿ ಇರಬೇಕು. ಎರಡು ವಾರ ಕಾದರೂ ಅಮೋನಿಯಾ ಅಳೆಯುವ ಟೆಸ್ಟ್ ಟ್ಯೂಬಿನ ಬಣ್ಣ ಒಂದು ಚೂರೂ ಕದಲಲಿಲ್ಲ.

ಆಗ ಹೊಳೆದದ್ದು ನವಸಾಗರ. ಪಾತ್ರೆಗೆ ಕಲಾಯಿ ಹಾಕುವವರು ಬಳಸುತ್ತಾರಲ್ಲ, ಅದೇ. ಅದು ಅಮೋನಿಯಂ ಕ್ಲೋರೈಡ್, ನೀರಿಗೆ ಹಾಕಿದರೆ ಅಮೋನಿಯಾ ಸಿಗುತ್ತದೆ. ಆದರೆ ಕಲಾಯಿಯವರ ಗಡ್ಡೆ ಬೂದು ಬಣ್ಣಕ್ಕಿರುತ್ತದೆ, ಅದರಲ್ಲಿ ಏನೇನು ಬೆರೆತಿದೆಯೋ, ಬೇಡ. ಲ್ಯಾಬ್‌ಗೆ ಕೆಮಿಕಲ್ ಮಾರುವ ಅಂಗಡಿಯಲ್ಲಿ ಬಿಳಿ ಪುಡಿ ಸಿಗುತ್ತದೆ. ಅರ್ಧ ಕೆಜಿ ಡಬ್ಬಿಗೆ ಮುನ್ನೂರು ನಾನೂರು ಕೊಟ್ಟ ನೆನಪು, ಇನ್ನೂ ಮುಗಿದಿಲ್ಲ. ಸುಮಾರು 50 ಲೀಟರ್ ನೀರಿಗೆ 0.3 ಗ್ರಾಂ ಹಾಕಿದರೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಹತ್ತಿರ ಬರುತ್ತದೆ. ಚಿನ್ನ ತೂಗುವ ಚಿಕ್ಕ ತಕ್ಕಡಿ ಇದ್ದರೆ ಒಳ್ಳೆಯದು.

ನಡುವೆ ಒಂದು ಪ್ರಯೋಗ. ಬೋರ್‌ವೆಲ್ ನೀರು ಗಡಸು, ಮೀನಿಗೆ ಆಗಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಹಾಗಾಗಿ ಇನ್ನೊಂದು ಚಿಕ್ಕ ಟ್ಯಾಂಕನ್ನು ಬರೀ ಆರ್‌ಒ ನೀರಿನಲ್ಲಿ ಶುರು ಮಾಡಿದೆ. ಕೆಲವು ದಿನ ಚೆನ್ನಾಗಿ ಓಡಿ, ಅಮೋನಿಯಾ ಇಳಿಯುವುದು ಥಟ್ಟನೆ ನಿಂತಿತು. ಪಿಎಚ್ ನೋಡಿದರೆ 6ಕ್ಕೆ ಇಳಿದಿದೆ. ಈ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ನೀರಿನ ಕಾರ್ಬೊನೇಟ್ ಗಡಸುತನವನ್ನು (ಪಿಎಚ್ ಬೀಳದಂತೆ ಹಿಡಿಯುವುದು ಇದೇ) ಖರ್ಚು ಮಾಡುತ್ತದೆ, ಆರ್‌ಒ ನೀರಿನಲ್ಲಿ ಅದು ಇರುವುದೇ ಇಲ್ಲ ಅನ್ನಬಹುದು. ಎರಡು ಮಗ್ ಬೋರ್ ನೀರು ಸುರಿದೆ, ಕೆಲವೇ ದಿನದಲ್ಲಿ ಮತ್ತೆ ಚಾಲೂ. ನಿಯಾನ್ ಟೆಟ್ರಾ ಸಾಕುವವರು ಮೆದು ನೀರಿಗೆ ಪರದಾಡಲಿ, ಗಪ್ಪಿ ಮೋಲಿಗೆ ನಮ್ಮ ಬೋರ್ ನೀರೇ ಸರಿ.

ಟೆಸ್ಟ್ ಕಿಟ್‌ಗೆ ಮೂರು ಸಾವಿರದ ಆಸುಪಾಸು ಹೋಯಿತು. ನನ್ನ ಒಟ್ಟು ಖರ್ಚಿನಲ್ಲಿ ದೊಡ್ಡ ಬಾಬ್ತು ಅದೇ, ಆದರೂ ಅದನ್ನು ಬಿಟ್ಟು ಈ ಕೆಲಸಕ್ಕೆ ಕೈ ಹಾಕಬೇಡಿ. ಅಮೋನಿಯಾ ಹಸಿರಿನಿಂದ ಹಳದಿಗೆ, ಅಂದರೆ ಸೊನ್ನೆಗೆ, ಬರುವುದು ಬೇಗ. ಬ್ಯಾಕ್ಟೀರಿಯಾ ಅಮೋನಿಯಾವನ್ನು ಬದಲಿಸಿದಾಗ ಬರುವ ನೈಟ್ರೈಟ್ (ಮೀನಿಗೆ ಅದೂ ವಿಷವೇ) ಮಾತ್ರ ನೇರಳೆ ಬಣ್ಣದಲ್ಲೇ ವಾರಗಟ್ಟಲೆ ಕೂತಿರುತ್ತದೆ. ಹೆಚ್ಚಿನವರು ತಾಳ್ಮೆ ಕಳೆದುಕೊಂಡು ಮೀನು ಬಿಡುವುದು ಇಲ್ಲೇ. ಒಂದು ಬೆಳಿಗ್ಗೆ ಟ್ಯೂಬ್ ತಿಳಿ ಆಕಾಶ ನೀಲಿಗೆ ತಿರುಗಿರುತ್ತದೆ, ಅದೂ ಸೊನ್ನೆ. ಆಮೇಲೂ ಒಂದು ಪರೀಕ್ಷೆ ಮಾಡಿ: ಸಂಜೆ ನವಸಾಗರದ ಪೂರ್ತಿ ಡೋಸ್ ಹಾಕಿ, ಮರುದಿನ ಸಂಜೆ ಎರಡೂ ಸೊನ್ನೆ ಬಂದರೆ ಮುಕ್ಕಾಲು ನೀರು ಬದಲಿಸಿ ಮೀನು ಬಿಡಿ.

ಈ ಕಾಯುವಿಕೆಯನ್ನು ಎರಡು ವಾರಕ್ಕೆ ಇಳಿಸುವ ದಾರಿಯೂ ಇದೆ. ಹಳೇ ಟ್ಯಾಂಕಿನ ಸ್ಪಾಂಜ್ ಹಿಂಡಿದ ನೀರು ಅದರಲ್ಲಿ ಅರ್ಧ. ಉಳಿದರ್ಧ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈಗ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೇನೆ, ಅಷ್ಟೇ. ತೆಗೆದ ನೀರಿನ ಬಕೆಟ್‌ನಲ್ಲೇ ಸ್ಪಾಂಜ್ ಅದ್ದಿ ಎರಡು ಸಲ ಮೆಲ್ಲಗೆ ಹಿಂಡುತ್ತೇನೆ. ಕಂದು ಕೆಸರು ಸ್ವಲ್ಪ ಅದರಲ್ಲೇ ಉಳಿದರೂ ಬಿಡುತ್ತೇನೆ. ಕರೆಂಟ್ ಹೋದರೆ ಬ್ಯಾಟರಿಯ ಏರ್ ಪಂಪ್ ಹಾಕುತ್ತೇನೆ. ಗಾಳಿ ನಿಂತರೆ ಮೀನಿನಷ್ಟೇ ಸ್ಪಾಂಜಿನಲ್ಲಿರುವ ಬ್ಯಾಕ್ಟೀರಿಯಾಗೂ ಉಸಿರು ಕಟ್ಟುತ್ತದೆ.