ಗ್ಯಾರೇಜಿನಲ್ಲಿ ರೀಲೋಡಿಂಗ್ ಪ್ರೆಸ್: ಮೊದಲು ಹಾಕಬೇಕಿದ್ದದ್ದು ಒಂದು ದೀಪ

ನಾನು ಕೊಡಗಿನವನು. ಮನೆಯಲ್ಲಿ ಕೋವಿ ಇತ್ತು. ಕೈಲ್‌ಪೊಳ್ದ್ ಹಬ್ಬದ ದಿನ ತಾತ ಅದರ ನಳಿಗೆಗೆ ತೋಕ್‌ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತಿದ್ದರು. ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ ನೋಡಿಕೊಂಡೇ ಬೆಳೆದೆ. ಆದರೆ ಟೆಕ್ಸಾಸ್‌ಗೆ ಬಂದು ಎಚ್-1ಬಿ ವೀಸಾದಲ್ಲಿ ಇದ್ದಷ್ಟು ವರ್ಷ ಬಂದೂಕಿನ ತಂಟೆಗೇ ಹೋಗಲಿಲ್ಲ. ಆ ವೀಸಾದವರು ಬಂದೂಕು, ತೋಟೆ ಇಟ್ಟುಕೊಳ್ಳಲು ಕೆಲವು ವಿನಾಯಿತಿ ಬಿಟ್ಟರೆ ಇಲ್ಲಿನ ಫೆಡರಲ್ ಕಾನೂನು ಒಪ್ಪುವುದಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಪಿಸ್ತೂಲು ಪಂದ್ಯಗಳಿಗೆ ಹೋಗತೊಡಗಿದೆ. ಒಂದು ಭಾನುವಾರದ ಪಂದ್ಯಕ್ಕೇ 150 ತೋಟೆ ಬೇಕು. ಅಭ್ಯಾಸಕ್ಕೆ ಅದಕ್ಕಿಂತ ಜಾಸ್ತಿ. ಹೊಡೆದು ಉಳಿದ ಖಾಲಿ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಸಣ್ಣ ಬಟ್ಟಲು), ಮದ್ದು, ಗುಂಡು ಸೇರಿಸಿ ನಾನೇ ತುಂಬಿಕೊಳ್ಳೋಣ, ಅಂದರೆ ರೀಲೋಡಿಂಗ್ ಮಾಡೋಣ ಅನ್ನಿಸಿದ್ದು ಆಗ.

ಊರಿನಲ್ಲಿ ಓದುವವರಿಗೆ ಒಂದು ಮಾತು. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ಮಾರುವ ವ್ಯಾಪಾರಕ್ಕೆ ಬೇಕು. ಭಾರತದಲ್ಲಿ ಹಾಗಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವಂತಿಲ್ಲ.

ಮೊದಲು ತಂದದ್ದು ತೋಟೆ ತುಂಬುವ ಯಂತ್ರ, ಡಿಲನ್ ಕಂಪನಿಯ ಆರ್‌ಎಲ್ 550. ಪ್ರೋಗ್ರೆಸಿವ್ ಪ್ರೆಸ್ ಅಂದರೆ ಒಂದು ದುಂಡು ತಟ್ಟೆ, ಅದರ ಮೇಲೆ ನಾಲ್ಕು ಕೇಸ್, ನಾಲ್ಕಕ್ಕೂ ಒಂದೇ ಸಲ ಬೇರೆ ಬೇರೆ ಕೆಲಸ. ಮೊದಲನೇ ಸ್ಥಾನದಲ್ಲಿ ಹಳೇ ಪ್ರೈಮರ್ ಉದುರಿ, ಕೇಸ್ ಅಳತೆಗೆ ಬಂದು, ಹೊಸ ಪ್ರೈಮರ್ ಕೂರುತ್ತದೆ. ಎರಡನೆಯದರಲ್ಲಿ ಬಾಯಿ ಸ್ವಲ್ಪ ಅರಳಿ ಮದ್ದು ಬೀಳುತ್ತದೆ. ಮೂರನೆಯದರಲ್ಲಿ ಗುಂಡು ಕೂರುತ್ತದೆ. ನಾಲ್ಕನೆಯದರಲ್ಲಿ ಅರಳಿದ ಬಾಯಿ ಮುಚ್ಚುತ್ತದೆ. ಹಿಡಿ ಒಮ್ಮೆ ಎಳೆದು ದೂಡಿದರೆ ಒಂದು ತೋಟೆ ತಯಾರು. ಈ 550ರಲ್ಲಿ ತಟ್ಟೆಯನ್ನು ನಾವೇ ಕೈಯಲ್ಲಿ ತಿರುಗಿಸಬೇಕು. ಇದು ನೆನಪಿರಲಿ, ಮುಂದೆ ಬರುತ್ತದೆ.

ಮೊದಲ ವಾರ ಅಂಗಡಿಯಲ್ಲಿ ಕೊಂಡ ಮಡಚುವ ಮೇಜಿಗೆ ಪ್ರೆಸ್ ಬಿಗಿದಿದ್ದೆ. ಹಿಡಿ ಎಳೆದಾಗಲೆಲ್ಲ ಮೇಜು ತಲೆ ಆಡಿಸುತ್ತಿತ್ತು. ಪ್ರತಿ ಹತ್ತನೇ ಕೇಸಿನ ಮದ್ದು ತೂಗಿ ನೋಡಿದರೆ ತೂಕ ಒಂದೇ ಸಮ ಬರುತ್ತಿರಲಿಲ್ಲ. ಪ್ರೆಸ್ಸಿನ ಮೇಲಿನ ಕೊಳವೆಯಲ್ಲಿರುವ ಮದ್ದು ಒಂದೊಂದು ಸಲ ಒಂದೊಂದು ರೀತಿ ಅಲುಗಾಡಿದರೆ ಅದು ಕೂರುವ ರೀತಿಯೂ ಬದಲಾಗುತ್ತದೆ, ಅಲ್ವಾ? ಎರಡು ಪದರ ಪ್ಲೈವುಡ್ ಅಂಟಿಸಿ ಬೇರೆ ಬೆಂಚು ಮಾಡಿದೆ. ಅದನ್ನು ಗೋಡೆಯೊಳಗಿನ ಮರದ ಕಂಬಗಳಿಗೇ ಬೋಲ್ಟ್ ಹಾಕಿ ಬಿಗಿದೆ. ತೂಕ ಸರಿಹೋಯಿತು.

ಎಷ್ಟು ಮದ್ದು ಹಾಕಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಗುಂಡಿಗೆ, ನಿಮ್ಮ ಮದ್ದಿಗೆ ತಯಾರಕರ ಕೈಪಿಡಿಯಲ್ಲಿ ಇರುವ ಅಂಕಿಯೇ ಸರಿ. ಅದರಲ್ಲೂ ಕಡಿಮೆ ಕಡೆಯಿಂದ ಶುರುಮಾಡಿ. ಯಾರೋ ಹೇಳಿದರು ಅಂತ ಹಾಕಬೇಡಿ, ನಾನು ಹೇಳಿದರೂ ಹಾಕಬೇಡಿ.

ಈಗ ಆ ದಿನದ ವಿಷಯ. ಗುರಿ ಅಭ್ಯಾಸದ ರೇಂಜಿನಲ್ಲಿ ಟ್ರಿಗರ್ ಒತ್ತಿದೆ. 'ಢಂ' ಅನ್ನುವ ಬದಲು 'ಟಪ್' ಅಂತ ಸಣ್ಣ ಸದ್ದು ಬಂತು. ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದೆ ಹೋಗಲಿಲ್ಲ. ಪಂದ್ಯದ ಅಭ್ಯಾಸ ಇರುವವರ ಕೈ ತಾನಾಗಿಯೇ ಸ್ಲೈಡ್ ಎಳೆದು ಮತ್ತೆ ಹೊಡೆಯಲು ಹೋಗುತ್ತದೆ. ನನ್ನ ಕೈಯೂ ಸ್ಲೈಡಿನ ಮೇಲಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು "ನಿಲ್ಲಿಸು!" ಅಂತ ಕೂಗಿದರು. ಪಿಸ್ತೂಲು ಖಾಲಿ ಮಾಡಿ, ಬಿಚ್ಚಿ ನೋಡಿದರೆ ಗುಂಡು ನಳಿಗೆಯ ಮಧ್ಯದಲ್ಲೇ ಸಿಕ್ಕಿಕೊಂಡಿತ್ತು. ಆ ಕೇಸಿಗೆ ಮದ್ದೇ ಬಿದ್ದಿರಲಿಲ್ಲ. ಪ್ರೈಮರ್ ಒಂದೇ ಗುಂಡನ್ನು ಅಷ್ಟು ದೂರ ತಳ್ಳಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಒಡೆಯಬಹುದಿತ್ತು. ಮನೆಗೆ ಬಂದು ಹಿತ್ತಾಳೆ ಸರಳಿನಿಂದ ಅದನ್ನು ಹೊರಗೆ ತಟ್ಟುವಾಗ ಕೈ ನಡುಗುತ್ತಿತ್ತು.

ಆ ರಾತ್ರಿ ಹಿಂದಿನದ್ದೆಲ್ಲ ನೆನಪು ಮಾಡಿಕೊಂಡೆ. ತುಂಬುವಾಗ ಒಂದು ಪ್ರೈಮರ್ ಸೊಟ್ಟಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸುತ್ತಿದ್ದಾಗ ಅಮ್ಮನ ಫೋನ್ ಬಂತು. ಮಾತಾಡಿ ವಾಪಸು ಬಂದು ಸುಮ್ನೆ ತಟ್ಟೆ ತಿರುಗಿಸಿದೆ. ಒಂದು ಕೇಸ್ ಮದ್ದಿನ ಸ್ಥಾನ ದಾಟಿ ಖಾಲಿಯಾಗಿಯೇ ಮುಂದೆ ಹೋಯಿತು. ಇದಕ್ಕೆ ತಿರುಗುಮುರುಗಾಗಿ, ತಿರುಗಿಸುವುದು ಮರೆತು ಹಿಡಿ ಎರಡು ಸಲ ಎಳೆದಿದ್ದರೆ? ಒಂದೇ ಕೇಸಿಗೆ ಎರಡು ಪಾಲು ಮದ್ದು. ಕೆಲವು ಮದ್ದು ಎಷ್ಟು ಕಡಿಮೆ ಜಾಗ ಹಿಡಿಯುತ್ತದೆ ಅಂದರೆ, ಎರಡು ಪಾಲು ಬಿದ್ದರೂ ಸಣ್ಣ 9 ಎಂಎಂ ಕೇಸ್ ತುಂಬಿ ಚೆಲ್ಲುವುದಿಲ್ಲ. ಅದು ಇನ್ನೂ ಕೆಟ್ಟದ್ದು.

ಮರುದಿನ ಮಾಡಿದ ಮೊದಲ ಅಪ್‌ಗ್ರೇಡ್ ಒಂದು ಸಣ್ಣ ಎಲ್‌ಇಡಿ ಪಟ್ಟಿ. ಪ್ರೆಸ್ಸಿನ ಚೌಕಟ್ಟಿನ ಒಳಬದಿಗೆ ಅಂಟಿಸಿದೆ, ಬೆಳಕು ನೇರ ಕೇಸಿನ ಬಾಯಿಗೆ ಬೀಳುವ ಹಾಗೆ. ಈಗ ಗುಂಡು ಇಡುವ ಮುಂಚೆ ಪ್ರತಿ ಕೇಸಿನ ತಳ ಕಾಣುತ್ತದೆ. ಹತ್ತು ಹದಿನೈದು ಡಾಲರ್ ಖರ್ಚು. ನಾನು ಹಾಕಿದ ದುಬಾರಿ ಭಾಗ ಯಾವುದೂ ಇದರಷ್ಟು ಕೆಲಸ ಮಾಡಿಲ್ಲ.

ಎರಡು ವರ್ಷದ ನಂತರ ಅದೇ ಕಂಪನಿಯ ಎಕ್ಸ್‌ಎಲ್ 750 ತಂದೆ. ಅದರ ತಟ್ಟೆ ತಾನೇ ತಿರುಗುತ್ತದೆ, ಸ್ಥಾನ ಐದು. ಹೆಚ್ಚಿಗೆ ಸಿಕ್ಕ ಒಂದು ಸ್ಥಾನದಲ್ಲಿ ಪೌಡರ್ ಚೆಕ್ ಕೂರಿಸಿದೆ. ಒಂದು ಕಡ್ಡಿ ಕೇಸಿನೊಳಗೆ ಇಳಿದು ಮದ್ದಿನ ಎತ್ತರ ನೋಡುತ್ತದೆ. ತೀರಾ ಕಡಿಮೆಯಾದರೂ ಜಾಸ್ತಿಯಾದರೂ ಕೀರಲು ಸದ್ದು ಮಾಡುತ್ತದೆ. ಅಳತೆ ಸಣ್ಣದಾಗಿ ಹೆಚ್ಚುಕಮ್ಮಿ ಆದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ದೀಪವೂ ಇದೆ, ತಕ್ಕಡಿಯೂ ಇದೆ. ಕೇಸುಗಳನ್ನು ತಾನೇ ಒದಗಿಸುವ ಕೇಸ್ ಫೀಡರ್ ಹಾಕಿದ್ದು ಎಲ್ಲಕ್ಕಿಂತ ಕೊನೆಗೆ. ಮೊದಲು ಗಂಟೆಗೆ 300 ಆಗುತ್ತಿತ್ತು, ಈಗ ಅವಸರ ಮಾಡದೆ 500 ಆಗುತ್ತದೆ.

ರೇಂಜಿನಲ್ಲಿ ಆಯ್ದು ತಂದ ಕೇಸ್‌ಗಳಲ್ಲಿ ವೃತ್ತದೊಳಗೆ ಕೂಡು ಗುರುತು ಇರುವುದನ್ನು ಬೇರೆ ಮಾಡುತ್ತೇನೆ. ಅದು ನೇಟೋ ಸೈನ್ಯದ ಅಳತೆಯ ಮಾಲು. ಪ್ರೈಮರ್ ಕದಲದಂತೆ ಸಾಮಾನ್ಯವಾಗಿ ಸುತ್ತಲೂ ಅಂಚು ಒತ್ತಿರುತ್ತಾರೆ. ಆ ಅಂಚು ತೆಗೆಯದೆ ಹೊಸ ಪ್ರೈಮರ್ ನುಗ್ಗಿಸಿದರೆ ನುಜ್ಜಾಗುತ್ತದೆ. ನನಗೆ ಸೊಟ್ಟಗೆ ಸಿಕ್ಕಿಕೊಂಡದ್ದೂ ಅಂಥದ್ದೇ ಕೇಸಿನಲ್ಲಿ. ಕೈಗೆ ಗಟ್ಟಿ ಅನ್ನಿಸಿದರೆ ಬಲ ಹಾಕಬೇಡಿ. ಕನ್ನಡಕ ಹಾಕದೆ ಪ್ರೆಸ್ ಮುಟ್ಟಬೇಡಿ. ಹಳೇ ಕೇಸ್ ಉಜ್ಜುವಾಗ ಏಳುವ ಧೂಳಿನಲ್ಲಿ ಸೀಸ ಇರುತ್ತದೆ. ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಮಗಳನ್ನು ಎತ್ತಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಗ್ಯಾರೇಜು ಕಾದ ಬಾಣಲೆ. ಹಾಗಾಗಿ ಮದ್ದು, ಪ್ರೈಮರ್ ಎರಡನ್ನೂ ಅವುಗಳ ಮೂಲ ಡಬ್ಬಿಯಲ್ಲೇ ಮನೆಯೊಳಗೆ, ಬೀಗ ಹಾಕಿ, ಬೇರೆ ಬೇರೆ ಇಡುತ್ತೇನೆ. ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ.

ಪಂದ್ಯದ ಹಿಂದಿನ ರಾತ್ರಿ ಪಿಸ್ತೂಲಿನ ನಳಿಗೆ ಬಿಚ್ಚಿ, 150 ತೋಟೆಯನ್ನೂ ಒಂದೊಂದಾಗಿ ಅದರೊಳಗೆ ಬಿಟ್ಟು ನೋಡುತ್ತೇನೆ. ಸರಿಯಿದ್ದರೆ 'ಟಣ್' ಅನ್ನುತ್ತದೆ, ಬೆರಳಲ್ಲಿ ಸಲೀಸಾಗಿ ತಿರುಗುತ್ತದೆ. ಫೋನ್ ಈಗ ಅಡುಗೆಮನೆಯಲ್ಲಿರುತ್ತದೆ. ಯಾರಾದರೂ ಬಂದು ಮಾತಾಡಿಸಿದರೆ ತಟ್ಟೆಯ ಮೇಲಿರುವ ಐದೂ ಕೇಸ್ ತೆಗೆದು, ಮದ್ದು ವಾಪಸು ಸುರಿದು, ಮೊದಲಿನಿಂದ ಶುರುಮಾಡುತ್ತೇನೆ. ಭಾನುವಾರ ಬೆಳಗ್ಗೆ ಫೋನ್ ಮಾಡಿದರೆ ಎತ್ತುವುದಿಲ್ಲ ಅಂತ ಅಮ್ಮನಿಗೂ ಹೇಳಿದ್ದೇನೆ.