1060 ತಗೊಳ್ಳೋದಾ, 580 ತಗೊಳ್ಳೋದಾ? ಹಳೆ ಗ್ರಾಫಿಕ್ಸ್ ಕಾರ್ಡನ್ನು ಅಂಗಡಿಯಲ್ಲೇ ತೂಗಿ ನೋಡುವ ಬಗೆ

ಕಳೆದ ದಸರಾ ರಜೆಗೆ ಹಾಸನದಿಂದ ಬಂದ ಅಕ್ಕನ ಮಗ ಚೀಲದಿಂದ ಟವೆಲ್ ಸುತ್ತಿದ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟ. 'ಮಾಮ, 580. ಎಂಟು ಜಿಬಿ. ಐದು ಸಾವಿರಕ್ಕೆ ಹೊಡೆದೆ' ಅಂದ. ಮುಖ ಅರಳಿತ್ತು. ನನ್ನ ಕಂಪ್ಯೂಟರಿಗೆ ಹಾಕಿ, ಕಾರ್ಡಿನ ಒಳವಿವರ ತೋರಿಸುವ ಜಿಪಿಯು-ಝೆಡ್ ತಂತ್ರಾಂಶ ತೆರೆದೆ. ಶೇಡರ್ಸ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಪುಟ್ಟ ಘಟಕಗಳು) ಅನ್ನುವ ಜಾಗದಲ್ಲಿ 2304 ಇರಬೇಕಿತ್ತು, ಇದ್ದದ್ದು 2048. ಅಂದರೆ ಹೆಸರು ಮಾತ್ರ 580, ಒಳಗಿರುವುದು ಅದಕ್ಕಿಂತ ಕೆಳಗಿನ ಮಾಡೆಲ್ 570. ಮೂರು ವಾರ ರಾತ್ರಿಯೆಲ್ಲ ಕೂತು ಎನ್ವಿಡಿಯಾದ 1060 ಮತ್ತು ಎಎಂಡಿಯ 580 ಕಾರ್ಡುಗಳ ಹೋಲಿಕೆ ವಿಡಿಯೊ ನೋಡಿದ ಹುಡುಗ ಕೊನೆಗೆ ಕೊಂಡಿದ್ದು ಎರಡೂ ಅಲ್ಲದ್ದನ್ನು.

ಇವನೊಬ್ಬನೇ ಅಲ್ಲ. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರೆಲ್ಲ ಹೆಚ್ಚುಕಮ್ಮಿ ಇಲ್ಲೇ ಎಡವುತ್ತಾರೆ. ಮಾಡೆಲ್ ಹೋಲಿಸುತ್ತಾರೆ, ಕೈಯಲ್ಲಿರುವ ಕಾರ್ಡನ್ನು ನೋಡುವುದಿಲ್ಲ. ಒಳ್ಳೆ 1060ಕ್ಕೂ ಒಳ್ಳೆ 580ಕ್ಕೂ ಇರುವ ವ್ಯತ್ಯಾಸ ಅಷ್ಟಕ್ಕಷ್ಟೆ. ಒಂದು 580ಕ್ಕೂ ಪಕ್ಕದ ಅಂಗಡಿಯ ಇನ್ನೊಂದು 580ಕ್ಕೂ ಇರುವ ವ್ಯತ್ಯಾಸ ಅದಕ್ಕಿಂತ ಎಷ್ಟೋ ಜಾಸ್ತಿ.

1. ಪೂರ್ತಿ ಹೆಸರು ಬರೆದಿಟ್ಟುಕೊಳ್ಳಿ

ಎನ್ವಿಡಿಯಾ ಜಿಟಿಎಕ್ಸ್ 1060 ಬಂದದ್ದು 2016ರ ಜುಲೈನಲ್ಲಿ, ಎಎಂಡಿ ಆರ್‌ಎಕ್ಸ್ 580 ಬಂದದ್ದು 2017ರ ಏಪ್ರಿಲ್‌ನಲ್ಲಿ. ಎರಡಕ್ಕೂ ದಾಯಾದಿಗಳಿದ್ದಾರೆ, ಎಡವಟ್ಟಾಗುವುದೇ ಇಲ್ಲಿ.

1060ರಲ್ಲಿ 6 ಜಿಬಿ ಮತ್ತು 3 ಜಿಬಿ ಎಂದು ಮುಖ್ಯವಾಗಿ ಎರಡು ಬಗೆ. 3 ಜಿಬಿಯದ್ದರಲ್ಲಿ ಮೆಮೊರಿ ಮಾತ್ರ ಕಡಿಮೆ ಅಂದುಕೊಂಡರೆ ತಪ್ಪು. 6 ಜಿಬಿಯಲ್ಲಿ 1280 ಕೋರ್ (ಶೇಡರಿಗೇ ಇನ್ನೊಂದು ಹೆಸರು), ಇದರಲ್ಲಿ 1152. ಚಿಪ್ಪನ್ನೇ ಕತ್ತರಿಸಿದ್ದಾರೆ. 3 ಜಿಬಿಯದ್ದನ್ನು ಸುಮ್ನೆ ಕೊಟ್ಟರೂ ತಗೋಬೇಡಿ ಅನ್ನುವುದು ನನ್ನ ಮಾತು.

580ರಲ್ಲಿ 8 ಜಿಬಿ, 4 ಜಿಬಿ, ಜೊತೆಗೆ '2048ಎಸ್‌ಪಿ' ಎಂಬ ಮೂರನೆಯದು. ಈ ಮೂರನೆಯದು 2018ರಲ್ಲಿ ಚೀನಾ ಮಾರುಕಟ್ಟೆಗೆಂದು ಬಂದದ್ದು. ಅಲ್ಲಿಂದ ನಮ್ಮ ಪೇಟೆಗೂ ಹರಿದಿದೆ. ಡಬ್ಬದ ಮೇಲೆ 2048ಎಸ್‌ಪಿ ಅಂತ ಇದ್ದರೂ ಮಾರುವವರು ಬಾಯಲ್ಲಿ ಅದನ್ನು ಹೇಳುವುದಿಲ್ಲ. 570ರ ಬೆಲೆಗೆ ಕೊಟ್ಟರೆ ತಗೊಳ್ಳಿ, ತಪ್ಪೇನಿಲ್ಲ.

ಇನ್ನು ಮುಂದೆ ನಾನು ಹೇಳುವುದೆಲ್ಲ 1060 6 ಜಿಬಿ ಮತ್ತು 2304 ಶೇಡರಿನ 580 8 ಜಿಬಿ ಬಗ್ಗೆ.

2. ನಿಮ್ಮ ಪೆಟ್ಟಿಗೆ ಬಿಚ್ಚಿ ನೋಡಿ

1060ಗೆ 120 ವ್ಯಾಟ್ ಸಾಕು. ಸಾಮಾನ್ಯವಾಗಿ ಒಂದು 6 ಪಿನ್ ತಂತಿ. 580 ನುಂಗುವುದು 185 ವ್ಯಾಟ್, ಅದಕ್ಕೆ 8 ಪಿನ್ ಬೇಕು. ಎನ್ವಿಡಿಯಾ 400 ವ್ಯಾಟಿನ ಪವರ್ ಸಪ್ಲೈ ಕೇಳಿದರೆ ಎಎಂಡಿ 500 ಕೇಳುತ್ತದೆ.

ಕ್ಯಾಬಿನೆಟ್ ಜೊತೆಗೆ ಪುಕ್ಕಟೆ ಬರುವ ಪವರ್ ಸಪ್ಲೈ ಇದೆಯಲ್ಲ, ಅದರ ಮೇಲೆ 450 ಅಂತ ದಪ್ಪಕ್ಕೆ ಬರೆದಿರುತ್ತಾರೆ. ನಂಬಬೇಡಿ. ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ, ಅದನ್ನು 12ರಿಂದ ಗುಣಿಸಿ. ಕಾರ್ಡಿಗೆ ಸಿಗುವ ಶಕ್ತಿ ಆ ಲೆಕ್ಕದ್ದು. ಎಷ್ಟೋ ಡಬ್ಬಗಳಲ್ಲಿ ಈ ಲೆಕ್ಕ 250 ದಾಟುವುದಿಲ್ಲ. ಅಂಥದಕ್ಕೆ ಕನ್ವರ್ಟರ್ ತಂತಿ ಸಿಕ್ಕಿಸಿ 580 ಓಡಿಸಲು ಹೋಗಿ ಮದರ್‌ಬೋರ್ಡ್ ಸಮೇತ ಕಳೆದುಕೊಂಡವರನ್ನು ಬಲ್ಲೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಮನೆಗೆ ಬಂದಮೇಲೆ ಹೊಳೆಯುತ್ತದೆ. ಹಳೆ ನೀಲಿ ವಿಜಿಎ ತಂತಿಯ ಮಾನಿಟರ್ ಇದ್ದರೆ ಎರಡು ಕಾರ್ಡೂ ನೇರವಾಗಿ ಹೊಂದುವುದಿಲ್ಲ. ಡಿವಿಐ ಕಿಂಡಿ ಇದ್ದರೂ ಅದರಲ್ಲಿ ಅನಲಾಗ್ ಸಿಗ್ನಲ್ ಇಲ್ಲ. ಒಳಗೆ ಚಿಪ್ ಇರುವ ಪರಿವರ್ತಕವೇ ಬೇಕು.

3. ಯಾವ ಆಟ ಆಡುತ್ತೀರಿ?

ಇದನ್ನು ಬೇಗ ಮುಗಿಸೋಣ. 1080ಪಿಯಲ್ಲಿ, ಅಂದರೆ ಫುಲ್ ಎಚ್‌ಡಿ ಪರದೆಯಲ್ಲಿ, ಎರಡೂ ಜೋಡೆತ್ತು. ಆಟ ಮಾಡುವವರೇ ಇವನ್ನು ಜೊತೆಯಾಗಿ ಹೆಸರಿಸುತ್ತಾರೆ. ಸೈಬರ್‌ಪಂಕ್ 2077 ಈಗ ಕೇಳುವ ಕನಿಷ್ಠ ಕಾರ್ಡುಗಳ ಸಾಲಿನಲ್ಲಿ 1060 6 ಜಿಬಿ ಮತ್ತು 580 8 ಜಿಬಿ ಅಕ್ಕಪಕ್ಕ ಕೂತಿವೆ.

ಜಿಟಿಎ 5ರಂಥ ಡೈರೆಕ್ಟ್‌ಎಕ್ಸ್ 11 (ಆಟವು ಕಾರ್ಡಿನ ಜೊತೆ ಮಾತಾಡುವ ಒಂದು ಭಾಷೆ) ಕಾಲದ ಆಟ, ಪ್ರೊಸೆಸರ್ ಸಾಧಾರಣ, ಹೀಗಿದ್ದರೆ 1060 ಮೇಲು. ಆ ಬಗೆಯ ಆಟದಲ್ಲಿ ಎಎಂಡಿ ಡ್ರೈವರ್ (ಕಾರ್ಡ್ ಓಡಿಸುವ ತಂತ್ರಾಂಶ) ಪ್ರೊಸೆಸರಿಗೆ ಹೆಚ್ಚು ಕೆಲಸ ಹೇರುತ್ತದೆ. ಆಡುತ್ತಾ ಲೈವ್ ಕೊಡುವವರಿಗೂ 1060, ಅದರ ವಿಡಿಯೊ ಎನ್‌ಕೋಡರ್ ಚೆನ್ನಾಗಿದೆ. ವಲ್ಕನ್, ಡೈರೆಕ್ಟ್‌ಎಕ್ಸ್ 12 ಎಂಬ ಹೊಸ ಭಾಷೆಗಳ ಆಟಗಳಿಗೆ, ಟೆಕ್ಸ್‌ಚರ್ ಜಾಸ್ತಿ ಇಟ್ಟು ಆಡುವವರಿಗೆ 580. ಅದಕ್ಕೆ ಎರಡು ಜಿಬಿ ಹೆಚ್ಚಿದೆ, 256 ಬಿಟ್ ಬಸ್ (ಮೆಮೊರಿಗೆ ಹೋಗುವ ದಾರಿಯ ಅಗಲ) ಇದೆ. 1060ರದ್ದು 192. ಲಿನಕ್ಸ್ ಬಳಸುವವರು ಯೋಚನೆಯನ್ನೇ ಮಾಡಬೇಡಿ, 580. ಅದರ ಡ್ರೈವರ್ ಕರ್ನಲ್ಲಿನೊಳಗೇ ಇದೆ.

ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನು ಲೆಕ್ಕ ಹಾಕಿ ಚಿತ್ರ ಬಿಡಿಸುವುದು) ಹಾರ್ಡ್‌ವೇರ್ ಎರಡರಲ್ಲೂ ಇಲ್ಲ. 2025ರ 'ಡೂಮ್: ದ ಡಾರ್ಕ್ ಏಜಸ್' ಥರದ ಆಟಗಳು ಅದಿಲ್ಲದೆ ಆಗದು ಅನ್ನುತ್ತವೆ. ಸಣ್ಣ ಚಿತ್ರವನ್ನು ಹಿಗ್ಗಿಸಿ ಆಟದ ವೇಗ ಹೆಚ್ಚಿಸುವ ತಂತ್ರಗಳಲ್ಲಿ ಎನ್ವಿಡಿಯಾದ ಡಿಎಲ್‌ಎಸ್‌ಎಸ್ ಎರಡಕ್ಕೂ ಸಿಗದು, ಎಎಂಡಿಯ ಎಫ್‌ಎಸ್‌ಆರ್‌ನ ಹಳೆ ಆವೃತ್ತಿಗಳು ಎರಡರಲ್ಲೂ ನಡೆಯುತ್ತವೆ. ಡ್ರೈವರ್ ವಿಷಯದಲ್ಲೂ ಇಬ್ಬರೂ ನಿವೃತ್ತರೇ. ಎಎಂಡಿ 2023ರಲ್ಲೇ 580ರ ಪೀಳಿಗೆಯನ್ನು ಬೇರೆ ಸಾಲಿಗೆ ತಳ್ಳಿತು. 1060ರ ಪೀಳಿಗೆಗೆ ಹೊಸ ಆಟಗಳ ಡ್ರೈವರ್ 2025ರ ಅಕ್ಟೋಬರಿಗೆ ಮುಗಿಯಿತು. ಇನ್ನು ಸೆಕ್ಯುರಿಟಿ ಅಪ್‌ಡೇಟ್ ಮಾತ್ರ, ಅದೂ 2028ರ ಅಕ್ಟೋಬರ್ ತನಕ.

4. ಅಂಗಡಿಯಲ್ಲಿ ಅರ್ಧ ಗಂಟೆ

ಎಲ್ಲರೂ ಐದು ನಿಮಿಷದಲ್ಲಿ ಮುಗಿಸುವ ಕೆಲಸ ಇದು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಹೋಗಬೇಡಿ. ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋಗಿ. 'ಅರ್ಧ ಗಂಟೆ ಓಡಿಸಿ ನೋಡ್ತೀನಿ, ಆಮೇಲೆ ದುಡ್ಡು' ಅಂತ ಮೊದಲೇ ಹೇಳಿಬಿಡಿ. ಒಪ್ಪದಿದ್ದರೆ ಪಕ್ಕದ ಅಂಗಡಿ.

ಕಾರ್ಡ್ ಕೈಗೆ ಬಂದ ಕೂಡಲೇ ಫ್ಯಾನ್ ನೋಡಬೇಡಿ, ಅದನ್ನು ಒರೆಸಿಟ್ಟಿರುತ್ತಾರೆ. ಕಿಂಡಿಗಳಿರುವ ತಗಡಿನ ಪಟ್ಟಿ ನೋಡಿ. ಅಲ್ಲಿ ತುಕ್ಕು ಹಿಡಿದಿದ್ದರೆ ಕಾರ್ಡ್ ತೇವದಲ್ಲಿ ಬಾಳಿದೆ. ಕರಾವಳಿ ಕಡೆಯಿಂದ ಬಂದವುಗಳಲ್ಲಿ ಇದು ಮಾಮೂಲು. ಆಮೇಲೆ ಕಾರ್ಡನ್ನು ಓರೆ ಹಿಡಿದು ಬೋರ್ಡಿನ ಅಂಚಿಗೆ ಮೊಬೈಲ್ ಟಾರ್ಚ್ ಬಿಡಿ. ಒಗ್ಗರಣೆ ಎಣ್ಣೆ ಜಿನುಗಿದ ಹಾಗೆ ಜಿಡ್ಡು ಕಂಡರೆ ಅದು ಥರ್ಮಲ್ ಪ್ಯಾಡ್ (ಚಿಪ್ಪಿನ ಬಿಸಿ ಸಾಗಿಸುವ ಮೆತ್ತೆ) ಬಿಟ್ಟ ಎಣ್ಣೆ. ಬಹಳ ಕಾಲ ಬಿಸಿಯಲ್ಲಿ ದುಡಿದಿದೆ ಎಂದರ್ಥ. ಅಷ್ಟಕ್ಕೇ ಬಿಟ್ಟುಬಿಡಬೇಕಿಲ್ಲ, ಪ್ಯಾಡ್ ಬದಲಾಯಿಸಬಹುದು. ಆದರೆ ಚಿಪ್ಪಿನ ಸುತ್ತ ಹೊಳೆಯುವ ಅಂಟಿನ ಕಲೆ, ಮುದುಡಿದ ಸ್ಟಿಕ್ಕರ್ ಕಂಡರೆ ಅಲ್ಲೇ ವಾಪಸ್ ಕೊಡಿ. ಸತ್ತ ಕಾರ್ಡಿಗೆ ಬಿಸಿಗಾಳಿ ಹೊಡೆದು ಎಬ್ಬಿಸಿರುವ ಗುರುತು ಅದು. ಒಂದೆರಡು ವಾರ ನಡೆದು ಮತ್ತೆ ಮಲಗುತ್ತದೆ.

ಫ್ಯಾನನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ. ನುಣ್ಣಗೆ ಸುತ್ತಬೇಕು, ಅಕ್ಕಪಕ್ಕ ಅಲ್ಲಾಡಬಾರದು.

ಇಲ್ಲಿ ಗಣಿಗಾರಿಕೆಯ ಮಾತು ಬರಲೇಬೇಕು. ಕಾರ್ಡುಗಳಿಂದ ಹಗಲುರಾತ್ರಿ ಲೆಕ್ಕ ಮಾಡಿಸಿ ಇಥೀರಿಯಂ ಎಂಬ ಡಿಜಿಟಲ್ ಹಣ ಗಳಿಸುವುದೇ ಮೈನಿಂಗ್, ಅದನ್ನು ಮಾಡುವವರಿಗೆ 580 ಅಚ್ಚುಮೆಚ್ಚಾಗಿತ್ತು. 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂ ಮೈನಿಂಗ್ ನಿಂತ ಮೇಲೆ ರಾಶಿ ರಾಶಿ ಕಾರ್ಡ್ ಪೇಟೆಗೆ ಬಿತ್ತು. 'ಮೈನಿಂಗ್ ಕಾರ್ಡ್ ಅಲ್ಲ ಸಾರ್' ಅನ್ನುವುದು ಎಲ್ಲರೂ ಹೇಳುವ ಮಾತು. ನಾನು ಕೇಳುವುದನ್ನೇ ಬಿಟ್ಟಿದ್ದೇನೆ. ದುಡಿದ ಕಾರ್ಡ್ ಕೆಟ್ಟದ್ದೇ ಆಗಿರಬೇಕಿಲ್ಲ, ಆದರೆ ಅದರ ಬಯಾಸ್ (ಕಾರ್ಡಿನ ವೇಗ ನಿರ್ಧರಿಸುವ ಒಳಗಿನ ತಂತ್ರಾಂಶ) ತಿದ್ದಿರಬಹುದು. ಮೆಮೊರಿಯನ್ನು ಹಿಂಡಿ, ಚಿಪ್ಪಿನ ವೇಗ ಇಳಿಸಿರುತ್ತಾರೆ. ಜಿಪಿಯು-ಝೆಡ್‌ನಲ್ಲಿ ಬೂಸ್ಟ್ ವೇಗ ನೋಡಿ. 580ಕ್ಕೆ 1340 ಮೆಗಾಹರ್ಟ್ಸ್ ಅಥವಾ ಸ್ವಲ್ಪ ಮೇಲೆ, 1060ಕ್ಕೆ 1708 ಅಥವಾ ಮೇಲೆ. 580ರಲ್ಲಿ 1150 ಅಂತ ಕಂಡರೆ ಬಯಾಸ್ ತಿದ್ದಿದ್ದಾರೆ ಅಂತಲೇ ಲೆಕ್ಕ. ಕೆಲವು 580ಗಳ ಮೇಲಂಚಿನಲ್ಲಿ ತೊಗರಿ ಕಾಳಿನಷ್ಟು ಸಣ್ಣ ಸ್ವಿಚ್ ಇರುತ್ತದೆ, ಎರಡು ಬಯಾಸ್‌ಗೆ. ಕಂಪ್ಯೂಟರ್ ಆಫ್ ಮಾಡಿ, ಸ್ವಿಚ್ ಆಚೆ ತಳ್ಳಿ, ಮತ್ತೆ ನೋಡಿ. ಒಂದು ಕಡೆಯಾದರೂ ಮೂಲದ್ದು ಉಳಿದಿರಬಹುದು. 1060 ಹೆಸರಿನಲ್ಲಿ ಯಾವುದೋ ಓಬೀರಾಯನ ಕಾಲದ ಚಿಪ್ ಮಾರುವವರೂ ಇದ್ದಾರೆ. ಅಂಥದಕ್ಕೆ ಜಿಪಿಯು-ಝೆಡ್ ತಾನೇ 'ಫೇಕ್' ಅಂತ ಹೆಸರಿನ ಮುಂದೆ ಹಾಕಿ ತೋರಿಸುತ್ತದೆ. ಜಿಪಿಯು-ಝೆಡ್ ಅನ್ನು ನಿಮ್ಮ ಪೆನ್‌ಡ್ರೈವ್‌ನಲ್ಲೇ ಒಯ್ಯಿರಿ.

ಈಗ ಓಡಿಸಿ. ಕಾರ್ಡ್ ಪರೀಕ್ಷಿಸುವ ತಂತ್ರಾಂಶಗಳಾದ ಯುನಿಜಿನ್ ಹೆವನ್ ಅಥವಾ ಸೂಪರ್‌ಪೊಸಿಷನ್, ಎರಡೂ ಪುಕ್ಕಟೆ. ಫರ್‌ಮಾರ್ಕ್ ಬೇಡ. ಆಟದಲ್ಲಿ ಎಂದೂ ಬಾರದ ಬಿಸಿ ಹತ್ತಿಸಿ ಹಳೆ ಕಾರ್ಡನ್ನು ಹಿಂಸಿಸುವುದು ಬಿಟ್ಟರೆ ಅದರಿಂದ ತಿಳಿಯುವುದು ಕಡಿಮೆ. ಹೆವನ್ ಓಡುವಾಗ ನಿಮ್ಮ ಕಣ್ಣು ಪರದೆಯ ಮೇಲಿರಲಿ, ಅಂಗಡಿಯವರ ಜೊತೆ ಹರಟೆ ಬೇಡ. ಅಕ್ಕಿ ಚೆಲ್ಲಿದ ಹಾಗೆ ಬಣ್ಣದ ಚುಕ್ಕೆ ಬಂದರೆ, ಗೋಡೆಯಿಂದ ತ್ರಿಕೋನದ ಮುಳ್ಳು ಸಟ್ಟನೆ ಎದ್ದು ಮಾಯವಾದರೆ, ಮೆಮೊರಿ ಹೋಗುತ್ತಿದೆ. ಇದು ಮೊದಲ ಹತ್ತು ನಿಮಿಷ ಕಾಣದೇ ಇರಬಹುದು, ಕಾರ್ಡ್ ಕಾದ ಮೇಲೆ ಬರುತ್ತದೆ. ಅರ್ಧ ಗಂಟೆ ಬೇಕು ಅಂದದ್ದು ಇದಕ್ಕೇ.

ಬಿಸಿ 75 ಡಿಗ್ರಿ ಆಸುಪಾಸು ನಿಂತರೆ ಸಂತೋಷ. 1060 ಮಾಮೂಲಾಗಿ 83ಕ್ಕೆ ಬಂದಾಗ ತಾನೇ ವೇಗ ಇಳಿಸುತ್ತದೆ. 580ರ ಬಿಸಿ 85 ದಾಟಿದರೆ ಚಿಪ್ಪಿನ ಮೇಲೆ ಬಳಿದ, ಬಿಸಿ ಸಾಗಿಸುವ ಪೇಸ್ಟ್ ಒಣಗಿರಬಹುದು. ಪೇಸ್ಟ್ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಡಿಸಿ. ಕೊನೆಗೆ ಮಾನಿಟರ್ ತಂತಿಯನ್ನು ಒಂದೊಂದೇ ಕಿಂಡಿಗೆ ಹಾಕಿ ನೋಡಿ. ಇದನ್ನು ನಾನೇ ಒಮ್ಮೆ ಮರೆತಿದ್ದೆ. ಮನೆಗೆ ಬಂದು ನೋಡಿದರೆ ಮೂರರಲ್ಲಿ ಎರಡು ಕಿಂಡಿ ಸತ್ತಿದ್ದವು.

5. ಎರಡನ್ನೂ ಅಳೆಯುವುದು

ಗೆಳೆಯರಿಂದ ಒಂದು ಕಾರ್ಡ್ ಎರವಲು ಸಿಕ್ಕಿದರೆ ಮನೆಯಲ್ಲೇ ಅಳೆಯಿರಿ. ಒಂದನ್ನು ತೆಗೆದು ಇನ್ನೊಂದು ಹಾಕುವ ಮುಂಚೆ ಡಿಡಿಯು ಎಂಬ ತಂತ್ರಾಂಶ ಬಳಸಿ ಹಳೆ ಡ್ರೈವರ್ ಗುಡಿಸಿ. ವಿ-ಸಿಂಕ್ (ಆಟದ ವೇಗವನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಆಫ್ ಇರಲಿ, ಸೆಟ್ಟಿಂಗ್ ಒಂದೇ ಇರಲಿ. ಆಟದಲ್ಲಿ ಒಂದೇ ಬೀದಿಯಲ್ಲಿ, ಒಂದೇ ಹೊತ್ತಿನಲ್ಲಿ ಒಂದು ನಿಮಿಷ ಓಡಾಡಿ. ನಾಲ್ಕು ಸಲ ಮಾಡಿ, ಮೊದಲನೆಯದನ್ನು ಎಸೆಯಿರಿ. ಆಗ ಆಟದ ಚಿತ್ರ ಬಿಡಿಸುವ ಸಣ್ಣ ಪ್ರೋಗ್ರಾಮುಗಳು (ಅವಕ್ಕೂ ಶೇಡರ್ ಅಂತಲೇ ಹೆಸರು) ತಯಾರಾಗುತ್ತಿರುತ್ತವೆ, ಲೆಕ್ಕಕ್ಕೆ ಬಾರದು.

ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಬರುತ್ತದೆ ಎಂದು ನೋಡುವಾಗ ಸರಾಸರಿಗಿಂತ '1% ಲೋ', ಅಂದರೆ ತೀರಾ ನಿಧಾನವಾದ ನೂರರಲ್ಲೊಂದು ಪಾಲಿನ ವೇಗ, ಮುಖ್ಯ. ಸರಾಸರಿ 70 ಇದ್ದು 1% ಲೋ 28 ಇದ್ದರೆ ಪ್ರತಿ ತಿರುವಿನಲ್ಲೂ ಆಟ ಮುಗ್ಗರಿಸುತ್ತದೆ. ಸರಾಸರಿ 60, 1% ಲೋ 48 ಇರುವ ಕಾರ್ಡ್ ಎಷ್ಟೋ ಹಿತ.

6. ಬೆಲೆ

5,500ರ ಕಾರ್ಡ್ 1% ಲೋ 50 ಕೊಟ್ಟರೆ ಫ್ರೇಮಿಗೆ 110 ರೂಪಾಯಿ. 4,800ರದ್ದು 48 ಕೊಟ್ಟರೆ ನೂರು. ಎರಡನೆಯದೇ ಅಗ್ಗ, ಆದರೆ ಅದಕ್ಕೆ ಹೊಸ ಪವರ್ ಸಪ್ಲೈ ಬೇಕೆಂದರೆ ಲೆಕ್ಕ ತಲೆಕೆಳಗು. ಕರೆಂಟ್ ಬಿಲ್ಲಿನ ಬಗ್ಗೆ ಜನ ಜಾಸ್ತಿ ಹೆದರುತ್ತಾರೆ. ಎರಡು ಕಾರ್ಡಿನ ಅಂತರ 65 ವ್ಯಾಟ್. ದಿನಕ್ಕೆ ಮೂರು ಗಂಟೆ ಆಡಿದರೂ ತಿಂಗಳಿಗೆ ಆರು ಯೂನಿಟ್ ಆಗುವುದಿಲ್ಲ. ಗೃಹಜ್ಯೋತಿಯಲ್ಲಿ 195 ಯೂನಿಟ್ ಮುಟ್ಟುವ ಮನೆಯಾದರೆ ಮಾತ್ರ ಯೋಚಿಸಿ. 200 ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ, ಅಮ್ಮನ ಬೈಗುಳ ಬೇರೆ.

ಎರಡೂ ಒಂದೇ ಬೆಲೆ, ಎರಡೂ ಆರೋಗ್ಯವಾಗಿವೆ, ಪವರ್ ಸಪ್ಲೈ ಒಳ್ಳೆಯದಿದೆ ಅಂದರೆ ನಾನು 580 ಎತ್ತುತ್ತೇನೆ. ಪವರ್ ಸಪ್ಲೈ ಬಗ್ಗೆ ಅನುಮಾನ ಇದ್ದರೆ 1060.

ಮನೆಗೆ ತಂದು ಹಾಕಿದ ಮೇಲೆ ಮಾನಿಟರ್ ತಂತಿಯನ್ನು ಕಾರ್ಡಿನ ಕಿಂಡಿಗೇ ಚುಚ್ಚಿ, ಮೇಲಿರುವ ಮದರ್‌ಬೋರ್ಡ್ ಕಿಂಡಿಗಲ್ಲ. ನಗಬೇಡಿ. 'ಹೊಸ ಕಾರ್ಡ್ ಹಾಕಿದರೂ ಆಟ ಹಾಗೇ ತೆವಳುತ್ತೆ' ಅಂತ ನನ್ನನ್ನು ಕರೆಸಿದ ಎರಡು ಮನೆಯಲ್ಲಿ ಇದ್ದ ಕಾಯಿಲೆ ಇದೊಂದೇ. ಎರಡನೇ ಮನೆಯವರು ಅಷ್ಟು ಹೊತ್ತಿಗೆ ರ್‍ಯಾಮನ್ನೂ ಬದಲಾಯಿಸಿ ಮುಗಿಸಿದ್ದರು.